ಒಂದೇ ಕಟ್ ಉಳಿದಿದ್ದ ಹೆಡ್

ದಸರೆ ಕಳೆದ ಮೇಲಿನ ಎರಡನೇ ಸೋಮವಾರ, ಬೆಳಗ್ಗೆ ಎಂಟು ಗಂಟೆ, ಮಕ್ತಲ್. ಹಾಜರಿದ್ದವರು ನಾಲ್ವರು: ವರ್ಕ್‌ಶಾಪಿನ ಮಾಲೀಕ ಶರಣಪ್ಪ, ಮಷೀನಿನ ಮೇಲೆ ಕೆಲಸ ಮಾಡುವ ಮೈಲಾರಪ್ಪ, ಐಜದ ಕಡೆಯಿಂದ ಬಂದಿದ್ದ ಹಾರ್ವೆಸ್ಟರ್ ಮಾಲೀಕ ತಿರುಪತಯ್ಯ, ತಪಾಸಣೆಗೆ ನಾನು. ನಮ್ಮ ನಡುವೆ, ಹಲಗೆಯ ಮೇಲೆ, ಗೋಣಿ ಹೊದಿಸಿದ ಒಂದು ಸಿಲಿಂಡರ್ ಹೆಡ್.

ದಿನವನ್ನು ಹೀಗೆ ಹಾಜರಿಯಿಂದ ಶುರು ಮಾಡುವುದು ನನಗೆ ಫೌಜಿನಿಂದ ಬಂದ ರೂಢಿ. ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಇಡೀ ನೌಕರಿ ಕಳೆದು, ಸುಬೇದಾರನಾಗಿ ನಿವೃತ್ತನಾಗಿ ನಾರಾಯಣಪೇಟೆಗೆ ಮರಳಿದವನು ನಾನು. ಮೊದಲು ಒರೆಸು, ಆಮೇಲೆ ಅಳೆ, ಆಮೇಲೆ ಮಾತಾಡು. ಅಲ್ಲಿ ಕಲಿಸಿದ್ದು ಇಷ್ಟೇ. ಆ ದಸರೆಯ ಸುಗ್ಗಿಯನ್ನು ಮರೆತಿದ್ದೇನೆ ಎಂದುಕೊಂಡಿದ್ದೆ. ಮೊನ್ನೆ ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ ಯಾವುದೋ ಶೆಡ್ಡಿನ ಕಡೆಯಿಂದ ಗಾಳಿ ಬೀಸಿತು. ಬಿಸಿಯಾದ ಬೀಡುಕಬ್ಬಿಣದ ಪುಡಿ, ಸೀಮೆಎಣ್ಣೆ, ಜೊತೆಗೆ ಊದಿನಕಡ್ಡಿ. ಆ ಮೂರೂ ಒಟ್ಟಿಗೆ ಮೂಗಿಗೆ ಬರುವುದು ಪೂಜೆ ಮಾಡಿದ ಮಷೀನಿನ ಹತ್ತಿರ ಮಾತ್ರ. ನಾನು ಹಾಗೆಯೇ ನಿಂತೆ, ಹತ್ತಬೇಕಾಗಿದ್ದ ಬಸ್ಸು ಹೊರಟುಹೋಯಿತು. ನನಗೆ ಬಸ್ಸು ತಪ್ಪುವುದು ಅಪರೂಪ.

ಶರಣಪ್ಪನವರ ವರ್ಕ್‌ಶಾಪಿನಲ್ಲಿ ಎಂಜಿನ್ ಹೆಡ್ಡುಗಳನ್ನು ಸಪಾಟು ಮಾಡುತ್ತಿದ್ದರು. ಎಂಜಿನ್ನಿನ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಭಾರದ ಬೀಡು ಹೆಡ್. ಬಿಸಿ ಹೆಚ್ಚಾದರೆ ಅದು ಡೊಂಕಾಗುತ್ತದೆ. ಡೊಂಕಾದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟು, ನೀರಿನೊಳಗೆ ಹೊಗೆ ನುಗ್ಗುತ್ತದೆ. ಆಗ ಹೆಡ್ಡನ್ನು ಕಳಚಿ, ಮಷೀನಿನ ಟೇಬಲ್ಲಿನ ಮೇಲೆ ಬಿಗಿದು, ತೆಳುವಾಗಿ ಒಂದು ಪದರ ಕತ್ತರಿಸಿ ತೆಗೆಯಬೇಕು. ಕೂದಲಿನ ದಪ್ಪದಷ್ಟು ತಪ್ಪಿದರೂ ಮತ್ತೆ ಸೋರುತ್ತದೆ. ಆ ಕೂದಲನ್ನು ಹುಡುಕುವುದು ನನ್ನ ಕೆಲಸ. ದಿನಾ ಬೆಳಗ್ಗೆ ನಾರಾಯಣಪೇಟೆಯಲ್ಲಿ ಮಗ್ಗಗಳ ಸದ್ದು ಶುರುವಾಗುವ ಹೊತ್ತಿಗೆ ಬಸ್ಸು ಹತ್ತಿ, ಬಾಗಿಲು ತೆಗೆಯುವ ಮೊದಲೇ ವರ್ಕ್‌ಶಾಪಿನ ಮುಂದೆ ಇರುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಶರಣಪ್ಪ ಹೊಸ ಮಷೀನು ತಂದಿದ್ದರು. ನೀರು ಸುರಿಯದೆ ಒಣಗೇ ಕತ್ತರಿಸುವ ಮಷೀನು. ಮೈಲಾರಪ್ಪ ಅದನ್ನು ಹದಿನೈದು ದಿನದೊಳಗೆ ಕೈಗೆ ಒಗ್ಗಿಸಿಕೊಂಡ. ಮರಿಕಲ್ ಹತ್ತಿರದ ಕುರುಬರ ಮನೆಯವನು, ಅಣ್ಣಂದಿರು ಇನ್ನೂ ಕುರಿಯ ಹಿಂದೆ ಹೋಗುತ್ತಾರೆ. ದಿನಾ ಮಷೀನು ಚಾಲೂ ಮಾಡುವ ಮೊದಲು ಹಣೆಗೆ ಬಂಡಾರದ ಅರಿಸಿನ ಹಚ್ಚಿಕೊಂಡು ಮೈಲಾರಲಿಂಗನನ್ನು ನೆನೆಯುತ್ತಿದ್ದ. ಒಮ್ಮೆ ನಾನು ಅವನ ಹೆಡ್ಡನ್ನು ಬೇಗ ಪಾಸು ಮಾಡಿದ್ದಕ್ಕೆ, “ಯಾಕ್ರಿ ಸುಬೇದಾರ್ರ, ಇವತ್ತ ಕಣ್ಣಿಗೆ ಏನರ ಆಗೈತೇನು?” ಎಂದಿದ್ದ. ನಮ್ಮಿಬ್ಬರ ನಡುವೆ ಅಷ್ಟು ಸಲಿಗೆ ಇತ್ತು. ದಸರೆಯ ನಂತರ ಅದು ಉಳಿಯಲಿಲ್ಲ.

ದಸರೆಗೆ ನಾನು ರಾಯಚೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ತಿರುಪತಯ್ಯನ ಹಾರ್ವೆಸ್ಟರಿನ ಹೆಡ್ ಬಂತು. ಆರು ಸಿಲಿಂಡರಿನ ಉದ್ದನೆಯ ಹೆಡ್, ಇಬ್ಬರು ಹಿಡಿದರೆ ಮಾತ್ರ ಮೇಲೇಳುವಂಥದ್ದು. ಮೈಲಾರಪ್ಪ ಕತ್ತರಿಸಿದ, ಮಷೀನಿನ ಮೇಲೆಯೇ ಡಯಲ್ ಗೇಜಿನ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದ, ಮುಳ್ಳು ಅಲುಗಲಿಲ್ಲ. ಗದ್ವಾಲಿನ ಆಚೆ ಗದ್ದೆಯಲ್ಲಿ ನಿಂತಿದ್ದ ಹಾರ್ವೆಸ್ಟರಿಗೆ ಹೆಡ್ ಕೂರಿಸಿದರು. ಎರಡು ಗದ್ದೆ ಕೊಯ್ಯುವಷ್ಟರಲ್ಲಿ ಗ್ಯಾಸ್ಕೆಟ್ ಹೋಯಿತು.

ಶುಕ್ರವಾರ ಅದು ವಾಪಸು ಬಂದಾಗ ನಾನಿದ್ದೆ. ಮೈಲಾರಪ್ಪ ಮತ್ತೊಂದು ಪದರ ತೆಗೆದ. ಮುಳ್ಳು ಮತ್ತೆ ಸೊನ್ನೆ. ಹೆಡ್ಡನ್ನು ನನ್ನ ಹಲಗೆಗೆ ತಂದು, ಉಕ್ಕಿನ ನೇರಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ, ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟೆ. ಕೊನೆಯ ಸಿಲಿಂಡರಿನ ಹತ್ತಿರ ಪಟ್ಟಿಯ ಕೆಳಗಿನಿಂದ ಬೆಳಕು ಇಣುಕಿತು.

“ಆಗಂಗಿಲ್ಲ,” ಎಂದೆ.

“ಮುಳ್ಳು ಸೊನ್ನಿ ತೋರಸಾಕತ್ತೈತ್ರಿ,” ಎಂದ ಮೈಲಾರಪ್ಪ.

“ಪಟ್ಟಿ ತೋರಸಾಕತ್ತಿಲ್ಲ.”

“ನಿಮ್ಮ ಬ್ಯಾಟ್ರಿ ಬೆಳಕು ಗೋಡಿಯಾಗೂ ತೂತು ಹುಡುಕತೈತಿ.”

ಪಟ್ಟಿಯೇ ಡೊಂಕಾಗಿದ್ದರೆ ಎಂಬ ಅನುಮಾನ ನನಗೂ ಇತ್ತು. ಅದನ್ನು ತುದಿ ಬದಲಿಸಿ ಇಟ್ಟೆ. ತಪ್ಪು ಪಟ್ಟಿಯದಾಗಿದ್ದರೆ ಬೆಳಕು ಪಟ್ಟಿಯ ಜೊತೆಗೆ ಈಚೆ ತುದಿಗೆ ಬರಬೇಕು. ಬರಲಿಲ್ಲ. ಅದೇ ಕೊನೆಯ ಸಿಲಿಂಡರಿನ ಹತ್ತಿರವೇ ಉಳಿಯಿತು. ಶರಣಪ್ಪನವರಿಗೆ ತೋರಿಸಿದೆ. ಅವರು ಪಟ್ಟಿಯನ್ನು ನೋಡಿದರು, ಮಷೀನನ್ನು ನೋಡಿದರು, ಬಾಗಿಲಲ್ಲಿ ನಿಂತು ಮೋಡವನ್ನೇ ನೋಡುತ್ತಿದ್ದ ತಿರುಪತಯ್ಯನನ್ನು ನೋಡಿದರು. “ಇಷ್ಟು ದೊಡ್ಡ ಮಷೀನು ಸುಳ್ಳು ಹೇಳತೈತೇನ್ರಿ? ಹಾಕ್ರಿ ಗಾಡ್ಯಾಗ,” ಎಂದರು. ಹೆಡ್ ಹೋಯಿತು. ಶನಿವಾರ ಮತ್ತೆ ಸೋರಿತು.

ನಾನು ಹೇಳಿದ್ದು ನಿಜವಾಯಿತು ಎಂದು ಒಂದು ಗಳಿಗೆಯೂ ಖುಷಿಯಾಗಲಿಲ್ಲ. ಯಾಕೆಂದರೆ ಶರಣಪ್ಪ ಆ ನಿಜವನ್ನು ತೆಗೆದುಕೊಂಡು ಮೈಲಾರಪ್ಪನ ಕೊರಳಿಗೆ ಕಟ್ಟಿದರು. “ಸುಬೇದಾರ್ರು ಮೊದಲಽ ಹೇಳಿದ್ರು. ನಿನ್ನ ಕೈ ಕೆಟ್ಟೈತಿ, ಮೈಲಾರಿ. ಸೋಮವಾರ ಕಡೇ ಸಲ. ಅದೂ ಸೋರಿದ್ರ ರಾಯಚೂರಿಂದ ಬ್ಯಾರೆ ಕೈ ಬರಾಕ ಹೇಳೀನಿ. ನೀನು ಮಷೀನಿಂದ ಇಳದು ಹೆಡ್ ತೊಳಿಯೋ ಕೆಲಸ ಮಾಡು, ಇಲ್ಲಂದ್ರ ನಿಮ್ಮಣ್ಣಗೋಳ ಕೂಡ ಕುರಿ ಕಾಯಿ.” ಮೈಲಾರಪ್ಪ ನನ್ನ ಕಡೆ ತಿರುಗಲಿಲ್ಲ. ಹದಿನೆಂಟು ವರ್ಷ ಅದೇ ಶೆಡ್ಡಿನಲ್ಲಿ ನಿಂತವನು ಚಪ್ಪಲಿ ಹಾಕಿಕೊಂಡು ಹೊರಟುಹೋದ.

ಆದರೆ ನನ್ನ ಲೆಕ್ಕ ಅವರ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅದೇ ವಾರ ಅವನು ಕತ್ತರಿಸಿದ ಟ್ರಾಕ್ಟರ್ ಹೆಡ್ಡುಗಳನ್ನೆಲ್ಲ ನಾನೇ ನೋಡಿದ್ದೆ. ಒಂದರ ಕೆಳಗೂ ಬೆಳಕು ಇಣುಕಿರಲಿಲ್ಲ. ದಸರೆಗೆ ಮೊದಲು ಅವನು ಉದ್ದನೆಯ ಹೆಡ್ಡುಗಳನ್ನೂ ಕತ್ತರಿಸಿದ್ದ, ಅವೂ ಸರಿ ಇದ್ದವು. ಕೈ ಕೆಟ್ಟಿದ್ದರೆ ಎಲ್ಲಕ್ಕೂ ಕೆಡಬೇಕು. ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ಯೋಚನೆ. ಸಾರು ಆರಿತೆಂದು ಮನೆಯವಳು ಬೈದಳು.

ಇದು ಸೋಮವಾರ ಬೆಳಗ್ಗೆ ಎಂಟು ಗಂಟೆಯ ಸ್ಥಿತಿ. ನಾನು ಮೊದಲು ಮಾಡಿದ ಕೆಲಸ ಹೆಡ್ಡಿನ ದಪ್ಪ ಅಳೆದದ್ದು. ಅದಕ್ಕೊಂದು ಮಿತಿ ಇದೆ. ಅದಕ್ಕಿಂತ ತೆಳುವಾದರೆ ವಾಲ್ವುಗಳು ಕೆಳಗಿನ ಪಿಸ್ಟನ್ನಿಗೆ ಬಡಿಯುತ್ತವೆ, ಹೆಡ್ಡು ಗುಜರಿಗೆ ಹೋಗುತ್ತದೆ. ನಾಲ್ಕೂ ಮೂಲೆ ಅಳೆದೆ, ಮತ್ತೊಮ್ಮೆ ಅಳೆದೆ.

“ಒಂದಽ ಕಟ್ ಉಳದೈತಿ,” ಎಂದೆ. “ತೆಳ್ಳಗ. ಅದರ ಮ್ಯಾಲೆ ಇಲ್ಲ.”

ತಿರುಪತಯ್ಯ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. “ಏಂ ಪನಯ್ಯಾ ಇದಿ! ಇದೆಂಥಾ ಕೆಲಸ! ನಾ ಕೊಟ್ಟದ್ದು ಹೆಡ್ಡು, ನೀವು ಮಾಡಾಕತ್ತದ್ದು ಹಪ್ಪಳ. ಶರಣಪ್ಪ ಸೇಟ್, ಅಲ್ಲಿ ನೆಲ್ಲು ಬಾಗಿ ನೆಲಕ್ಕ ಹತ್ತೈತಿ. ಸಮುದ್ರದಾಗ ವಾಯುಗುಂಡ ಎದ್ದೈತಿ, ದೊಡ್ಡ ಮಳಿ ಬರತೈತಿ ಅಂತ ಟಿವಿಯಾಗ ಹೇಳಾಕತ್ತಾರ. ಊರಾಗ ಮಂದಿ ನನ್ನ ಫೋನಿಗೆ ನಿದ್ದಿ ಮಾಡಾಕ ಬಿಟ್ಟಿಲ್ಲ.”

“ಆಗತೈತಿ, ಇವತ್ತ ಆಗತೈತಿ,” ಎಂದರು ಶರಣಪ್ಪ. “ಮೈಲಾರಿ, ಹಿಡಿ.”

ಇಬ್ಬರೂ ಹೆಡ್ಡನ್ನು ಎತ್ತಿ ಮಷೀನಿನ ಪಕ್ಕಕ್ಕೆ ತಂದಿಟ್ಟರು. ಮೈಲಾರಪ್ಪ ಟೇಬಲ್ಲಿನ ಮೇಲಿನ ಕಬ್ಬಿಣದ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿದ. ಮಧ್ಯ ಗುಡಿಸಿದ, ಎಡಕ್ಕೆ ಗುಡಿಸಿದ, ಬಲಗಡೆಯ ಮೂಲೆಯಲ್ಲಿ ಬ್ರಷ್ಷು ಸ್ವಲ್ಪ ಸುತ್ತು ಹಾಕಿ ಬಂತು. ನಾನು ಅದನ್ನು ನೋಡಿದೆ, ಆದರೆ ಆಗ ಅರ್ಥವಾಗಲಿಲ್ಲ. ಹೆಡ್ ಕೂತಿತು. ಕ್ಲಾಂಪುಗಳು ಬಿಗಿಯಾದವು. ಅವನ ಕೈ ಮಷೀನಿನ ಬಟನ್ನಿಗೆ ಹೋಯಿತು.

“ತಡಿ,” ಎಂದೆ. “ಕಟ್ ಮಾಡಬ್ಯಾಡ. ಮೊದಲು ಮುಳ್ಳು ಓಡಸು.”

“ಇನ್ನೂ ಕೊಯ್ದಽ ಇಲ್ಲಲ್ರಿ.”

“ಶುಕ್ರವಾರ ಕೊಯ್ದದ್ದಽ ನೋಡೋಣು. ಅವತ್ತು ಹೆಂಗ ಬಿಗದಿದ್ದಿ, ಹಂಗಽ ಬಿಗದೀಯಿಲ್ಲ?”

“ಹೌದ್ರಿ.”

ಮುಳ್ಳು ಓಡಿಸಿದ. ಈ ತುದಿಯಿಂದ ಆ ತುದಿಗೆ, ಸೊನ್ನೆ. ನನ್ನ ನೇರಪಟ್ಟಿಯನ್ನು ಅಲ್ಲೇ, ಬಿಗಿದ ಹೆಡ್ಡಿನ ಮೇಲೆಯೇ ನಿಲ್ಲಿಸಿ ಬೆಳಕು ಬಿಟ್ಟೆ. ಕೊನೆಯ ಸಿಲಿಂಡರಿನ ಹತ್ತಿರ ಕತ್ತಲೆ. ಒಂದು ಎಳೆ ಬೆಳಕೂ ಇಲ್ಲ.

ಮೈಲಾರಪ್ಪ ಎರಡು ದಿನದ ನಂತರ ಮೊದಲ ಸಲ ನನ್ನ ಮುಖ ನೋಡಿದ. “ಈಗ ಹೇಳ್ರಿ. ಸುಳ್ಳು ಹೇಳಿದವ್ರು ಯಾರು? ನಾನೋ, ನೀವೋ?”

ಅದೇ ಹೊತ್ತಿಗೆ ಶರಣಪ್ಪನವರ ಹೆಂಡತಿ ಗಂಗಮ್ಮ ಚಹಾ ತಂದರು. ಮನೆ ಶೆಡ್ಡಿನ ಹಿಂದೆಯೇ. ಯಾರೂ ಲೋಟ ಮುಟ್ಟದಿರುವುದನ್ನು ನೋಡಿ, “ಏನ್ರಿ ಸುಬೇದಾರ್ರ, ನಿಮ್ಮ ಪಟ್ಟಿಗೂ ಒಂದು ಕಪ್ ತರ್ಲೇನು? ಎಲ್ಲಾರೂ ಅದರ ಮುಂದಽ ಕೈಕಟ್ಟಿ ನಿಂತೀರಿ,” ಎಂದರು. ಅವರು ತಟ್ಟೆಯನ್ನು ಡ್ರಮ್ಮಿನ ಮೇಲಿಟ್ಟು ಅಲ್ಲೇ ನಿಂತರು.

“ಮುಳ್ಳು ಕೊನೀ ಸಿಲಿಂಡರಿನ ಮ್ಯಾಲೆ ಇಡು,” ಎಂದೆ. “ಇಟ್ಟಿ? ಈಗ ಕ್ಲಾಂಪ್ ಸಡಿಲ ಮಾಡು. ಒಂದೊಂದಽ. ಎಡಗಡಿಂದ.”

ಎಡಗಡೆಯ ಮೊದಲ ಬೋಲ್ಟ್ ಸಡಿಲವಾಯಿತು. ಮುಳ್ಳು ಅಲುಗಲಿಲ್ಲ. ಎರಡನೆಯದು. ಅಲುಗಲಿಲ್ಲ. ತಿರುಪತಯ್ಯ ಫೋನು ಬಡಿದುಕೊಳ್ಳುತ್ತಿದ್ದರೂ ಎತ್ತದೆ ಹತ್ತಿರ ಬಂದ. ಬಲಗಡೆಯ ಮುಂದಿನ ಬೋಲ್ಟ್. ಇಲ್ಲ. ಉಳಿದದ್ದು ಬಲಗಡೆಯ ಹಿಂದಿನ ಮೂಲೆಯದು. ಮೈಲಾರಪ್ಪ ಸ್ಪಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ.

ಮುಳ್ಳು ಎದ್ದಿತು. ಗೆರೆ ದಾಟಿತು, ಇನ್ನೊಂದು ಗೆರೆ ದಾಟಿತು, ಹೋಗುತ್ತಲೇ ಇತ್ತು. ನಿಂತಾಗ ನನ್ನ ಹಲಗೆಯ ಮೇಲೆ ಕಂಡಿದ್ದ ಬೆಳಕಿನಷ್ಟೇ ದೂರದಲ್ಲಿ ನಿಂತಿತು.

ಸುಳ್ಳು ಇಬ್ಬರೂ ಹೇಳಿರಲಿಲ್ಲ. ಬಿಗಿದಿರುವ ತನಕ ಹೆಡ್ ನೆಟ್ಟಗೆ ಇರುತ್ತಿತ್ತು. ಬಿಟ್ಟ ಕೂಡಲೇ ತನ್ನ ಡೊಂಕಿಗೆ ಮರಳುತ್ತಿತ್ತು. ಅಂದರೆ ಬಿಗಿಯುವಾಗಲೇ ಅದನ್ನು ಏನೋ ಕೆಳಗಿನಿಂದ ಎತ್ತಿ ತಿರುಚುತ್ತಿತ್ತು, ಕಟರ್ ಆ ತಿರುಚಿದ ಮೈಯನ್ನೇ ಸಪಾಟು ಮಾಡುತ್ತಿತ್ತು.

“ಎತ್ರಿ,” ಎಂದೆ.

ಹೆಡ್ಡನ್ನು ಎತ್ತಿ ಪಕ್ಕಕ್ಕಿಟ್ಟರು. ಬಲಗಡೆಯ ಹಿಂದಿನ ಮೂಲೆಯಲ್ಲಿ, ಬ್ರಷ್ಷು ಸುತ್ತು ಹಾಕಿ ಬಂದಿದ್ದ ಜಾಗದಲ್ಲಿ, ಅಂಗೈಯಗಲದ ಕುಂಕುಮವಿತ್ತು. ಕೆಂಪು ಈಗ ಕೆಂಪಾಗಿರಲಿಲ್ಲ. ಎಣ್ಣೆ ಕುಡಿದು, ಕಬ್ಬಿಣದ ಪುಡಿ ತಿಂದು, ಹೆಡ್ಡಿನ ಭಾರಕ್ಕೆ ಒತ್ತಿಸಿಕೊಂಡು ಕಪ್ಪಗೆ ಹೊಳೆಯುತ್ತಿತ್ತು. ಸುತ್ತಲೂ ತುಕ್ಕಿನ ಅಂಚು ಎದ್ದಿತ್ತು.

“ಇದೇನು?” ಎಂದೆ.

“ಆಯುಧಪೂಜಿದು,” ಎಂದ ಮೈಲಾರಪ್ಪ ಮೆಲ್ಲಗೆ. “ಮಷೀನಿಗೆ ಮೊದಲನೇ ಪೂಜಿ. ಹಚ್ಚಿದ ಕುಂಕುಮ ಒರಸಬಾರದ್ರಿ. ತಾನಽ ಸವದು ಹೋಗಬೇಕು. ಸಣ್ಣ ಹೆಡ್ಡು ನಡುವ ಕುಂದ್ರತಾವ, ಇಲ್ಲಿ ತನಕ ಬರಂಗಿಲ್ಲ. ಉದ್ದನ್ದೊಂದಽ ಬರತೈತಿ. ಕುಂಕುಮದಿಂದ ಏನಾಗತೈತಿ ಅನ್ಕೊಂಡಿದ್ದೆ.”

ಬರೀ ಕುಂಕುಮವಾಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ನಾನು ಉಗುರಿನಿಂದ ಅಂಚನ್ನು ಕೆರೆದೆ. ಏಳಲಿಲ್ಲ. ಬೀಡಿನ ಮೇಲೆ ಇಷ್ಟು ಗಟ್ಟಿ ತುಕ್ಕು ಹಿಡಿಯಬೇಕಾದರೆ ಅದರ ಕೆಳಗೆ ನೀರು ನಿಂತಿರಬೇಕು, ಅದೂ ಬರೀ ನೀರಲ್ಲ.

“ಕಾಯಿ ಎಲ್ಲಿ ಒಡದ್ರಿ?” ಎಂದು ಕೇಳಿದೆ.

ಮೈಲಾರಪ್ಪ ಸ್ಪಾನರನ್ನು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಅವನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಅವನ ಕೆಲಸ ಉಳಿಯುತ್ತಿತ್ತು. ಹೇಳಲಿಲ್ಲ.

ಗಂಗಮ್ಮ ಹೇಳಿದರು. “ಪ್ರತಿ ವರ್ಷ ಹೊಸ್ತಿಲ ಕಲ್ಲಿಗೆ ಒಡೀತಿದ್ರು. ಈ ವರ್ಷ ಹೊಸ ಮಷೀನು, ಅದರ ಮೂಲಿಗೇ ಒಡೀಬೇಕು ಅಂತ ಹಟ ಮಾಡಿದ್ರು. ನೀರೆಲ್ಲಾ ಇಲ್ಲೇ ಚೆಲ್ಲಿತು. ಒರಸೋಣು ಅಂದ್ರ, ‘ತೀರ್ಥ ಐತಿ, ಮುಟ್ಟಬ್ಯಾಡ’ ಅಂದ್ರು. ಅದರ ಮ್ಯಾಲೇ ಕುಂಕುಮ ಒತ್ತಿದ್ರು.” ಆಮೇಲೆ “ಇವರಽ,” ಎಂದು ಗಂಡನ ಕಡೆ ಗದ್ದದಿಂದ ತೋರಿಸಿದರು.

ಶರಣಪ್ಪ ಮಷೀನಿನ ಕಂಬ ಹಿಡಿದು ನಿಂತಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಹತ್ತು ಜನರ ಮುಂದೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ. ತಿರುಪತಯ್ಯ ಬಾಯಿ ತೆರೆದ. ಗಂಗಮ್ಮ ಅವನತ್ತ ನೋಡಿದ ನೋಟಕ್ಕೆ ಹಾಗೇ ಮುಚ್ಚಿದ.

“ತಗೀಬೇಕು ಅದನ್ನ,” ಎಂದೆ.

ಯಾರೂ ಕೈ ಮುಂದೆ ಮಾಡಲಿಲ್ಲ. ಮೈಲಾರಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ನನ್ನ ಕೈಲೆ ಆಗಂಗಿಲ್ರಿ. ಹೊಡದು ಹಾಕಿದ್ರೂ ಆಗಂಗಿಲ್ಲ.” ನನಗೂ, ಸತ್ಯ ಹೇಳಬೇಕೆಂದರೆ, ಕೈ ಬರಲಿಲ್ಲ. ಫೌಜಿನಲ್ಲಿ ಎಷ್ಟೋ ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ. ಹೊರಗೆ ಗಾಳಿ ತಣ್ಣಗಾಗಿತ್ತು, ಶೆಡ್ಡಿನ ತಗಡು ಒಂದೆರಡು ಸಲ ಬಡಿದುಕೊಂಡಿತು.

ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಲಗೈ ನಡುಬೆರಳಿನಿಂದ ಆ ಕಪ್ಪು ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದು ಚೂರು ಕೆದರಿ ಮಷೀನಿನ ಕಂಬಕ್ಕೆ, ಎತ್ತರದಲ್ಲಿ, ಯಾವ ಹೆಡ್ಡೂ ತಾಗದ ಜಾಗಕ್ಕೆ ಹಚ್ಚಿದರು. “ಅಲ್ಲಿದ್ದವ ಇಲ್ಲಿಗೆ ಬಂದ. ಇನ್ನ ಚಿಮಣಿ ಎಣ್ಣಿ ಕೊಡ್ರಿ,” ಎಂದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದರು. ಕೆಳಗೆ ಉಳಿದ ತುಕ್ಕನ್ನು ನಾನು ಎಣ್ಣೆಕಲ್ಲು ಹಾಕಿ ತೀಡಿದೆ. ಬೆರಳಿಗೆ ಏನೂ ತಾಗದ ತನಕ ತೀಡಿದೆ. ಆ ಮೂಲೆಯ ಮೇಲೂ ಡಯಲ್ ಗೇಜ್ ಓಡಿಸಿ ನೋಡಿದೆವು. ಸರಿ ಇತ್ತು.

ಈಗ ಹೆಡ್ಡನ್ನು ಮತ್ತೆ ಕೂರಿಸಬೇಕು. ಒಂದೇ ಕಟ್. ಮೈಲಾರಪ್ಪ ಬೋಲ್ಟ್ ಬಿಗಿದು, ಕೈಯನ್ನು ಬಟನ್ನಿನ ಹತ್ತಿರ ಒಯ್ದು ವಾಪಸು ತೆಗೆದ.

“ಸಾವ್ಕಾರ್ರ,” ಎಂದ. “ನಾ ಕೊಯ್ಯಲೋ, ರಾಯಚೂರವ್ರು ಬರೋ ತನಕ ಇಡಲೋ? ನೀವು ಹೇಳಬೇಕು.”

ಶರಣಪ್ಪ ಚಪ್ಪಲಿ ಕಳಚಿದರು. ಪೂಜೆಯ ದಿನ ಬಿಟ್ಟರೆ ಅವರು ಶೆಡ್ಡಿನಲ್ಲಿ ಚಪ್ಪಲಿ ಕಳಚಿದ್ದನ್ನು ನಾನು ನೋಡಿರಲಿಲ್ಲ. ಬಂದು ಟೇಬಲ್ಲಿನ ಇನ್ನೊಂದು ತುದಿಯಲ್ಲಿ ನಿಂತರು. “ಮಳಿ ಬರೂದರಾಗ ಕೊಯ್ಯಿ,” ಎಂದರು.

ಮೈಲಾರಪ್ಪ ಬಂಡಾರದ ಚೀಲಕ್ಕೆ ಬೆರಳು ಮುಟ್ಟಿಸಿ ಬಟನ್ ಒತ್ತಿದ. ಕಟರ್ ತಿರುಗಿತು. ಸರಿಯಾದ ಕಟ್ಟಿನ ಸದ್ದು ಒಂದೇ ಸಮ ಇರುತ್ತದೆ, ರೇಷ್ಮೆ ಬಟ್ಟೆಯನ್ನು ಹರಿದ ಹಾಗೆ. ನಡುವೆ ಒಮ್ಮೆ ಸದ್ದು ಗಟ್ಟಿಯಾದಂತಾಗಿ ತಿರುಪತಯ್ಯ ನನ್ನ ತೋಳು ಹಿಡಿದುಕೊಂಡ. ಬೀಡಿನೊಳಗಿನ ಗಟ್ಟಿ ಜಾಗ, ಅಷ್ಟೇ. ಕಟರ್ ದಾಟಿತು, ತುದಿ ಮುಟ್ಟಿತು, ನಿಂತಿತು.

ಮುಳ್ಳು ಇಟ್ಟು ಬೋಲ್ಟ್ ಸಡಿಲಿಸಿದೆವು. ಒಂದು, ಎರಡು, ಮೂರು. ಬಲಗಡೆಯ ಹಿಂದಿನ ಮೂಲೆಯದನ್ನು ಮೈಲಾರಪ್ಪ ಕಣ್ಣು ಮುಚ್ಚಿ ಸಡಿಲಿಸಿದ. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಮುಳ್ಳು ಕೂತಲ್ಲೇ ಕೂತಿತ್ತು. ಹಲಗೆಯ ಮೇಲೆ ನೇರಪಟ್ಟಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ. ಎಲ್ಲೂ ಬೆಳಕಿಲ್ಲ. ದಪ್ಪ ಅಳೆದೆ. ಮಿತಿಯ ಮೇಲೆ ಉಗುರಿನ ಅಂಚಿನಷ್ಟು ಉಳಿದಿತ್ತು. ಮೂಲೆಯಲ್ಲಿ ನನ್ನ ಗುರುತಿನ ಪಂಚ್ ಹೊಡೆದೆ.

ತಿರುಪತಯ್ಯನ ಗಾಡಿ ಜೂರಾಲದ ದಾರಿ ಹಿಡಿದು ಗದ್ವಾಲಿನ ಕಡೆ ಹೋಯಿತು. ಆಮೇಲೆ ಕಾಯುವ ಕೆಲಸ. ಅವತ್ತು ಮಧ್ಯಾಹ್ನ ನಾವು ಎರಡು ಟ್ರಾಕ್ಟರ್ ಹೆಡ್ ಮುಗಿಸಿದೆವು. ದಕ್ಷಿಣಕ್ಕೆ ಮೋಡ ಕಪ್ಪಾಗುತ್ತಿತ್ತು. ಹೊತ್ತು ಇಳಿಯುವಾಗ ಶರಣಪ್ಪನವರ ಫೋನು ಬಡಿಯಿತು. ಅವರು ಅದನ್ನು ಎತ್ತಿ, ಕಿವಿಗೆ ಹಿಡಿಯದೆ, ಮೈಲಾರಪ್ಪನ ಕೈಗೆ ಕೊಟ್ಟರು. ಅವನು ಸ್ಪೀಕರ್ ಹಾಕಿದ. ಎಂಜಿನ್ನಿನ ಸದ್ದು ಶೆಡ್ಡನ್ನು ತುಂಬಿತು.

“ಚಾಲೂ ಆತು!” ಎಂದು ತಿರುಪತಯ್ಯ ಕೂಗಿದ.

“ಚಾಲೂ ಆಗೂದು ಆಗತೈತ್ರಿ. ಹೋದ ಸಲನೂ ಆಗಿತ್ತು. ಗದ್ದಿಗೆ ಇಳಸ್ರಿ. ಎರಡು ಸುತ್ತು ಕೊಯ್ದು, ರೇಡಿಯೇಟರ್ ನೀರಾಗ ಗುಳ್ಳಿ ಬರತಾವೇನು ನೋಡ್ರಿ. ಫೋನ್ ಇಡಬ್ಯಾಡ್ರಿ,” ಎಂದ ಮೈಲಾರಪ್ಪ.

ನಾವು ಕೇಳುತ್ತ ನಿಂತೆವು. ಎಂಜಿನ್ ಭಾರ ಹಿಡಿದು ಗುಡುಗಿತು, ಹುಲ್ಲು ಕತ್ತರಿಸುವ ಸದ್ದು ಬಂತು, ದೂರವಾಯಿತು, ತಿರುಗಿ ಹತ್ತಿರ ಬಂತು. ಮೈಲಾರಪ್ಪ ಫೋನನ್ನು ಕಿವಿಯ ಹತ್ತಿರ ಹಿಡಿದು, ಸದ್ದಿನೊಳಗೆ ಇನ್ನೊಂದು ಸದ್ದು ಹುಡುಕುತ್ತಿದ್ದ. ಮತ್ತೊಂದು ಸುತ್ತು. ಕೊನೆಗೆ ತಿರುಪತಯ್ಯನ ದನಿ ಬಂತು, ಈ ಸಲ ಕೂಗದೆ.

“ಗುಳ್ಳಿ ಇಲ್ಲಪ್ಪಾ. ನೀರು ಕನ್ನಡಿ ಇದ್ದಂಗೈತಿ. ಮಂಚಿಗುಂದಿ, ಚಲೋ ಐತಿ. ಇಡ್ತೀನಿ, ಮಳಿಗೆ ಮೊದಲು ಕೊಯ್ಯಬೇಕು.”

ಮೈಲಾರಪ್ಪ ಫೋನನ್ನು ವಾಪಸು ಕೊಟ್ಟ. ಶರಣಪ್ಪ ಅದರಲ್ಲೇ ಇನ್ನೊಂದು ನಂಬರ್ ಒತ್ತಿದರು. ಎಲ್ಲರಿಗೂ ಕೇಳುವಂತೆ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ ಮಾತಾಡಿದರು: “ರಾಯಚೂರೇನ್ರಿ? ನಾಳಿ ಬರೂದು ಬ್ಯಾಡ. ಇಲ್ಲ, ಮುಂದೂ ಬ್ಯಾಡ. ನಮ್ಮ ಮಷೀನಿಗೆ ಮಂದಿ ಅದಾರ.” ಆಮೇಲೆ ಚಪ್ಪಲಿ ಹುಡುಕಿಕೊಂಡು ಮನೆಯೊಳಗೆ ಹೋದರು. ಮೈಲಾರಪ್ಪನಿಗೆ ಅವರು ನೇರವಾಗಿ ಏನೂ ಹೇಳಲಿಲ್ಲ. ಆವತ್ತೂ ಇಲ್ಲ, ನಂತರವೂ ಇಲ್ಲ. ಮುಂದಿನ ದಸರೆಗೆ ಕಾಯಿ ಹೊಸ್ತಿಲ ಕಲ್ಲಿಗೇ ಒಡೆಯಿತು.

ಅವತ್ತಿನ ಕೊನೆಯ ಕೆಲಸ ಟೇಬಲ್ಲಿಗೆ ಎಣ್ಣೆ ಹಚ್ಚಿ ಮುಚ್ಚುವುದು. ದಿನಾ ಮೈಲಾರಪ್ಪ ಅದನ್ನು ಬಟ್ಟೆಯಿಂದ ಹಚ್ಚುತ್ತಿದ್ದ. ಅವತ್ತು ಬಟ್ಟೆ ಪಕ್ಕಕ್ಕಿಟ್ಟು ಅಂಗೈಗೆ ಎಣ್ಣೆ ಸುರಿದುಕೊಂಡ. ಎಡಗಡೆಯಿಂದ ಸವರುತ್ತ ಬಂದ. ಬಲಗಡೆಯ ಹಿಂದಿನ ಮೂಲೆಯ ಹತ್ತಿರ ಕೈ ತಾನಾಗಿ ತಡೆಯಿತು. ಕಂಬದ ಮೇಲಿನ ಕುಂಕುಮದ ಚುಕ್ಕೆಯನ್ನು ಒಮ್ಮೆ ನೋಡಿದ. ಅವನು ಅಂಗೈಯನ್ನು ಆ ಮೂಲೆಯ ಮೇಲೆ ಪೂರ್ತಿ ಊರಿ, ಅಂಚಿನ ತನಕ ಸವರಿದ. ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಇಬ್ಬರೂ ಸೇರಿ ಮುಚ್ಚಳ ಎಳೆದೆವು.